ಹೊಸ ಕಲ್ಲು

ಹನ್ನೊಂದು ವರ್ಷ ಈ ವ್ಯಾನಿನಲ್ಲಿ
ಹ್ರಾನುಶ್‌ಳ ಮಾತನ್ನು ಬೆನ್ನಿನಿಂದ ಕೇಳಿದ್ದೇನೆ.
ಇಂಗ್ಲಿಷು, ಜರ್ಮನ್, ಒಮ್ಮೊಮ್ಮೆ ಫ್ರೆಂಚು.
ಅರ್ಥ ಗೊತ್ತಿಲ್ಲ, ಏರಿಳಿತ ಗೊತ್ತು.
ಯಾವ ತಿರುವಿನಲ್ಲಿ ನಗಿಸುತ್ತಾಳೆ,
ಯಾವ ಏರಿನಲ್ಲಿ ಉಸಿರೆಳೆದುಕೊಳ್ಳುತ್ತಾಳೆ,
ನನ್ನ ಎಡಗಾಲಿಗೂ ಗೊತ್ತು, ಕ್ಲಚ್ಚಿಗೂ.

ಇವತ್ತು ಗ್ಯುಮ್ರಿಯ ಹದಿನಾಲ್ಕು ಹೆಂಗಸರು,
ಕಾಲುಚೀಲದ ಕಾರ್ಖಾನೆಯಲ್ಲಿ ದುಡಿದು ಕಣ್ಣು ಸವೆಸಿಕೊಂಡವರು.
ಸೀಟಿಗೊಂದು ಬುತ್ತಿ, ಬುತ್ತಿಗೊಂದು ಜಗಳ.
ಮೊದಲ ಸಲ ಮಾತೆಲ್ಲ ನಮ್ಮ ಭಾಷೆಯಲ್ಲಿ.
ನಾನು ಹಾರ್ನು ಮರೆತು ಕೇಳಿದೆ.

ಬಲಗಡೆ ನೋಡಿ, ಅರಾರಾತ್, ಅಂದಳು.
ಬರೀ ಮೋಡ.
ಮೋಡವಿದ್ದ ದಿನವೂ ಅನ್ನುತ್ತಾಳೆ,
ಅನ್ನದಿದ್ದರೆ ಬೆಟ್ಟಕ್ಕೆ ಬೇಜಾರಾದೀತು ಎಂಬಂತೆ.
ಹದಿನಾಲ್ಕೂ ಜನ ಬಲಕ್ಕೆ ವಾಲಿದರು,
ವ್ಯಾನೂ ಒಂದಿಷ್ಟು ವಾಲಿತು.

ಗಾರ್ನಿಗೆ ಮುಂಚಿನ ಕೊನೆಯ ಏರು.
ಮೂರರಿಂದ ಎರಡಕ್ಕೆ ಇಳಿಸಿದೆ.
'ಸಾವಿರದ ಆರುನೂರ ಎಪ್ಪತ್ತೊಂಬತ್ತು,' ಅಂದು ಉಸಿರೆಳೆದುಕೊಂಡಳು,
'ನೆಲ ನಡುಗಿತು.'
ಓ, ಇದಾ ಆ ಮಾತು,
ಇಷ್ಟು ವರ್ಷ ಇದರ ಮೇಲೇ ಗೇರು ಕಿರುಗುಟ್ಟಿಸಿದ್ದು.
ಹಿಂದೆ ಬುತ್ತಿಯ ಜಗಳ ನಿಂತಿತು.
ಯಾರೋ ಕೈಗಡಿಯಾರ ನೋಡಿಕೊಂಡರು;
ಹನ್ನೊಂದು ನಲವತ್ತೊಂದಕ್ಕೆ ಇನ್ನೂ ಹೊತ್ತಿತ್ತು.

ಸಾಮಾನ್ಯ ನಾನು ಇಳಿಯುವವನಲ್ಲ.
ಹಿಪ್ಪುನೇರಳೆಯ ನೆರಳು, ಒಂದು ಸಿಗರೇಟು, ಅರ್ಧ ನಿದ್ದೆ.
ಇವತ್ತು ಮುದುಕಿ ವಾರ್ಸೆನಿಕ್‌ಳ ಮಂಡಿ ನೆಪವಾಯಿತು.
ಗುಡಿಗೆ ಒಂಬತ್ತು ಮೆಟ್ಟಿಲು, ಒಂದೊಂದೂ ಮೊಣಕಾಲೆತ್ತರ,
ಕಟ್ಟಿದವರಿಗೆ ತಾಯಂದಿರೇ ಇರಲಿಲ್ಲವೇನೋ.
ಅವಳ ಮೊಣಕೈ ನನ್ನ ಅಂಗೈಯಲ್ಲಿ ಒಣಸೌದೆಯಷ್ಟು ಹಗುರ.

'ಸಿಕ್ಕಿದ ಕಲ್ಲೆಲ್ಲ ಹುಡುಕಿ ಮತ್ತೆ ನಿಲ್ಲಿಸಿದರು.
ಸಿಗದ ಕಡೆ ಹೊಸದು. ಹೊಸದಕ್ಕೆ ಹೂವಿಲ್ಲ, ಬಳ್ಳಿಯಿಲ್ಲ,
ಬೇಕೆಂದೇ ಬೋಳು ಬಿಟ್ಟರು,
ನೋಡಿದವರಿಗೆ ಮೋಸವಾಗಬಾರದೆಂದು.'
ವಾರ್ಸೆನಿಕ್ ಬೋಳು ಕಲ್ಲಿಗೆ ಕೈಯಿಟ್ಟಳು,
ಜ್ವರ ನೋಡುವ ಹಾಗೆ.
'ಮುನ್ನೂರು ವರ್ಷ ಆದಮೇಲೂ ಹುಡುಕಿದರಲ್ಲ,' ಅಂದಳು.
ಅಷ್ಟೆ.

ಊಟಕ್ಕೆ ಲವಾಶ್, ಉಪ್ಪುಪ್ಪು ಚೀಸು, ಹಸಿ ಸೊಪ್ಪು.
ಯಾಕೆ ಬಾಯಿಬಿಟ್ಟೆನೋ:
ಎಂಬತ್ತೆಂಟರ ಆ ಚಳಿಗಾಲ
ನಿಮ್ಮೂರಲ್ಲಿ ಲಾರಿ ಓಡಿಸಿದ್ದೆ, ಅಮ್ಮ. ಇಪ್ಪತ್ತು ವಯಸ್ಸು.
ಅವಳು ಗಾತಾ ರೊಟ್ಟಿ ಮುರಿದು
ದೊಡ್ಡ ತುಂಡು ನನ್ನ ಕಡೆ ತಳ್ಳಿದಳು.

ಗೆಗಾರ್ದ್. ಬಂಡೆಯನ್ನೇ ಕೊರೆದ ಮಠ.
ಒಳಗೆ ಮೇಣದ ವಾಸನೆ, ಗೋಡೆಯಿಂದ ಒಸರುವ ನೀರು.
ಹ್ರಾನುಶ್ ಈಟಿಯ ಕತೆ ಹೇಳುತ್ತಿದ್ದಳು,
ಯೇಸುವಿನ ಪಕ್ಕೆಗೆ ತಿವಿದದ್ದು, ಇಲ್ಲಿ ಇಟ್ಟಿದ್ದು,
ಈಗ ಇಲ್ಲಿ ಇಲ್ಲದ್ದು.
ಕತ್ತಲಲ್ಲಿ ನನ್ನ ತೋಳು ಹಿಡಿದವಳು ಕೇಳಿದಳು:
'ಎಲ್ಲಿ ಸುರಿದಿರಿ?'

ಏನನ್ನು?

'ಕಲ್ಲು. ನಮ್ಮದು ಕರಿಕಲ್ಲಿನ ಮನೆ.
ಬಾಗಿಲ ಮೇಲೊಂದು ದ್ರಾಕ್ಷಿಗೊಂಚಲು, ಮಾವ ಕೆತ್ತಿದ್ದು.
ಒಂದು ಹಣ್ಣು ಚಿಕ್ಕದಾಗಿಹೋಗಿತ್ತು.'

ಆ ಗುಹೆ ಪಿಸುಮಾತನ್ನೂ ದೊಡ್ಡದು ಮಾಡುತ್ತದೆ.
ಬಾಯಿ ಅವಳ ಕಿವಿಯ ಹತ್ತಿರ ತಂದೆ:
ರಾತ್ರಿ, ಅಮ್ಮ. ಹಿಮ ಬೀಳುತ್ತಿತ್ತು.
ಯಾರೋ ಲಾಟೀನು ಬೀಸಿದರು, ನಾನು ತೊಟ್ಟಿ ಎತ್ತಿದೆ.
'ಊರಾಚೆಗಾ?'
ಹೊಳೆ ದಾಟಿ.
'ಹೊಳೆ ದಾಟಿ,' ಅಂದಳು,
ವಿಳಾಸ ಬರೆದುಕೊಳ್ಳುವವಳ ಹಾಗೆ.

ಹೊರಗೆ ಬಂಡೆಯ ಗೂಡುಗಳಿಗೆ ಎಲ್ಲರೂ ಹರಳು ಎಸೆಯುತ್ತಿದ್ದರು.
ನಿಂತರೆ ಬೇಡಿದ್ದು ಆಗುತ್ತದಂತೆ.
ಅವಳದು ಮೂರು ಸಲವೂ ಉರುಳಿ ಬಿತ್ತು.
ನಾಲ್ಕನೆಯದನ್ನು ನನ್ನ ಕೈಗೆ ಕೊಟ್ಟಳು:
'ನೀನು ಉದ್ದ ಇದ್ದೀ. ಎಸೆಯಬೇಡ, ಇಟ್ಟುಬಿಡು.'
ತುದಿಗಾಲಲ್ಲಿ ನಿಂತು ಇಟ್ಟೆ.
ಹ್ರಾನುಶ್ ಚಪ್ಪಾಳೆ ತಟ್ಟಿದಳು, ಹೊರಡಿ ಹೊರಡಿ, ಟ್ರಾಫಿಕ್ಕು.

ನಾಳೆ ಒಂಬತ್ತಕ್ಕೆ ಜರ್ಮನರು.
ಆ ಏರಿನಲ್ಲಿ, ಅವಳು ಉಸಿರೆಳೆದುಕೊಳ್ಳುವ ಮೊದಲೇ
ಗೇರು ಇಳಿಸಿಕೊಂಡಿರಬೇಕು,
ಸದ್ದಾಗದಂತೆ.